ಎದೆ ಢವಢವ ಮತ್ತು ಧಾರವಾಡದ ದಾರಿ

"ಇವನ್ನ ಧಾರವಾಡಕ್ಕ ಕಳಸಬೇಕ ನೋಡು!"

ನಮ್ಮ ಗೋಕಾಕ ಕಡೆ ಯಾರಾದರೂ ತಲೆಕೆಟ್ಟಂಗ ಆಡಿದರೆ ಈ ಮಾತು ಗ್ಯಾರಂಟಿ. ಬೇಂದ್ರೆ ಅಜ್ಜನ ಊರಿಗೆ, ಪೇಢೆಯ ಊರಿಗೆ ಈ ಹೆಸರು ಯಾಕೆ ಬಂತು ಅಂತ ನಾನು ಯೋಚಿಸಿರಲೇ ಇಲ್ಲ.. ನನ್ನ ಸರದಿ ಬರುವವರೆಗೆ.

ಮೂರು ವರ್ಷದ ಹಿಂದೆ ಮೂಡಲಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಢವಢವ, ಕೈಕಾಲು ತಣ್ಣಗೆ, ಉಸಿರೇ ಸಿಗುತ್ತಿಲ್ಲ. ಇಲ್ಲೇ ಸತ್ತೆ ಅಂದುಕೊಂಡೆ. ಇಸಿಜಿ ನಾರ್ಮಲ್. ಮತ್ತೆ ಬಂತು, ಮತ್ತೆ ಇಸಿಜಿ, ಮತ್ತೆ ನಾರ್ಮಲ್! ಹುಕ್ಕೇರಿಯ ಆಯಿ ತಾಯತ ಕಟ್ಟಿಸಿದಳು. ನಾನು ಬಸ್ಸು ಹತ್ತುವುದನ್ನೇ ಬಿಟ್ಟೆ. ಕೆಲಸ ಬಿಡುವುದೊಂದು ಬಾಕಿ ಇತ್ತು.

ಆಮೇಲೆ ಓದಿದಾಗ ಗೊತ್ತಾಯಿತು, ಈ ಅಂಜಿಕೆಗೂ ಒಂದು ಚರಿತ್ರೆ ಇದೆ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇದೇ ಢವಢವ ಕಂಡ ಡಾ. ಡ ಕೋಸ್ಟಾ 1871ರಲ್ಲಿ ಅದನ್ನು 'ಇರಿಟೇಬಲ್ ಹಾರ್ಟ್' ಎಂದು ಕರೆದ. 1895ರಲ್ಲಿ ಫ್ರಾಯ್ಡ್ 'ಆಂಕ್ಸೈಟಿ ನ್ಯೂರೋಸಿಸ್' ಅಂತ ಬೇರೆಯೇ ಹೆಸರಿಟ್ಟ. 1960ರ ದಶಕದಲ್ಲಿ ಡೊನಾಲ್ಡ್ ಕ್ಲೈನ್, ಇಮಿಪ್ರಮಿನ್ ಮಾತ್ರೆ ಇಂಥ ಆಘಾತಗಳನ್ನು ತಡೆಯುತ್ತದೆಂದು ತೋರಿಸಿದ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ 'ಪ್ಯಾನಿಕ್ ಡಿಸಾರ್ಡರ್' ಅನ್ನು ಪ್ರತ್ಯೇಕ ಕಾಯಿಲೆ ಎಂದು ಒಪ್ಪಿತು. 1986ರಲ್ಲಿ ಡೇವಿಡ್ ಕ್ಲಾರ್ಕ್ ಬರೆದದ್ದನ್ನು ಓದಿ ಬೆಚ್ಚಿಬಿದ್ದೆ: ಎದೆ ಹೊಡೆದುಕೊಳ್ಳುತ್ತದೆ, ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತೇವೆ, ಅದಕ್ಕೆ ಅಂಜಿಕೆ ಹೆಚ್ಚುತ್ತದೆ, ಎದೆ ಇನ್ನೂ ಜೋರು.. ಅಪ್ಪಟ ಇನ್ಫೈನೈಟ್ ಲೂಪ್!

ಹಾಗಾದರೆ ನಾವ್ಯಾಕೆ ಡಾಕ್ಟರ ಹತ್ತಿರ ಹೋಗುವುದಿಲ್ಲ? ಉತ್ತರ ಆ ಗಾದೆಯಂಥ ಮಾತಿನಲ್ಲೇ ಇದೆ. ಧಾರವಾಡದ ಆಸ್ಪತ್ರೆ ಶುರುವಾದದ್ದು 1845ರಲ್ಲಿ, ಬ್ರಿಟಿಷರ ಹುಚ್ಚಾಸ್ಪತ್ರೆಯಾಗಿ. ಆ ಕಾಲದ ಹುಚ್ಚಾಸ್ಪತ್ರೆ ಅಂದರೆ ಗುಣಪಡಿಸುವುದಕ್ಕಿಂತ ಕೂಡಿಹಾಕುವ ಜಾಗ. 1956ರವರೆಗೆ ಬೆಳಗಾವಿ, ಧಾರವಾಡ ಎರಡೂ ಮುಂಬೈ ಪ್ರಾಂತದಲ್ಲಿದ್ದವು. ರಾಜ್ಯ ಬದಲಾಯಿತು, ಅಂಜಿಕೆ ಬದಲಾಗಲಿಲ್ಲ. 2009ರಲ್ಲಿ ಅದು ಡಿಮ್ಹಾನ್ಸ್ ಆದಮೇಲೂ ನಮ್ಮ ಬಾಯಲ್ಲಿ ಹಳೆಯ ಮಾತೇ.

ತಮಾಷೆ ಅಂದರೆ, ಗೋಡೆ ಒಡೆಯುವ ಕೆಲಸಕ್ಕೂ ದಾರಿ ತೋರಿಸಿದ್ದು ನಮ್ಮ ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದರು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ.

ನಾನೂ ಕೊನೆಗೆ ಧಾರವಾಡಕ್ಕೇ ಹೋದೆ. ಯಾರೂ ಕೂಡಿಹಾಕಲಿಲ್ಲ! ದಿನಕ್ಕೊಂದು ಮಾತ್ರೆ, ಕೆಲಸ ಮಾಡಲು ಕೆಲವು ವಾರ ಬೇಕಾಯಿತು. ಡಾಕ್ಟರು ಹೇಳದೆ ನಿಲ್ಲಿಸುವಂತಿಲ್ಲ. ಜೊತೆಗೆ ಸಿಬಿಟಿ: ಅಂಜಿಕೆ ಬಂದರೂ ಬಸ್ಸಿನಿಂದ ಇಳಿಯಬಾರದು, ಅದು ತಾನಾಗಿ ಇಳಿಯುವವರೆಗೆ ಕೂತಿರಬೇಕು. ಮೊದಲ ದಿನ ಒಂದು ಸ್ಟಾಪು, ಮರುವಾರ ಎರಡು.. ಕೊನೆಗೊಂದು ದಿನ ಹುಕ್ಕೇರಿಯವರೆಗೆ.

"ಧಾರವಾಡಕ್ಕ ಹೋಗಿದ್ಯಂತ?" ಆಯಿ ಮೆಲ್ಲಗೆ ಕೇಳಿದಳು.

"ಹೌದು ಆಯಿ. ಪೇಢೆ ತಂದೇನಿ, ತಗೋ."