ಕ್ಲೌನ್ ಮೀನು ಮತ್ತು ಕಡಲ ಹೂ

ಕ್ಲೌನ್ ಮೀನು ಪೊಮಸೆಂಟ್ರಿಡೆ ಕುಟುಂಬದ ಸಣ್ಣ ಕಡಲ ಮೀನು. ಸೀ ಅನಿಮೋನ್ ಎಂದೂ ಕರೆಯುವ ಕಡಲ ಹೂವಿನ ಕರಬಳ್ಳಿಗಳ ನಡುವೆ ಬಾಳುತ್ತದೆ. ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್‌ನ ಬೆಚ್ಚನೆಯ, ಆಳವಿಲ್ಲದ ನೀರಿನಲ್ಲಿ ಇದರ ಸುಮಾರು 30 ಪ್ರಭೇದಗಳಿವೆ. ಅಟ್ಲಾಂಟಿಕ್‌ನಲ್ಲಿ ಒಂದೂ ಇಲ್ಲ. 2003ರ 'ಫೈಂಡಿಂಗ್ ನೆಮೊ' ಚಿತ್ರದಿಂದ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಪ್ರಭೇದ ಮನೆಮಾತಾಯಿತು.

ಸಹಜೀವನ

ಕಡಲ ಹೂ ಸಸ್ಯವಲ್ಲ, ಹವಳದ ಹತ್ತಿರದ ಸಂಬಂಧಿಯಾದ ಪ್ರಾಣಿ. ಅದರ ಕರಬಳ್ಳಿಗಳ ಕುಟುಕುಕಣಗಳು ಬೇರೆ ಮೀನುಗಳನ್ನು ಕೊಲ್ಲಬಲ್ಲವು. ಕ್ಲೌನ್ ಮೀನಿನ ಮೈಲೋಳೆಯಲ್ಲಿ ಈ ಕಣಗಳನ್ನು ಕೆರಳಿಸುವ ಅಂಶ ಕಡಿಮೆ; ಹೊಸ ಹೂವಿಗೆ ಮೈಯನ್ನು ಮತ್ತೆ ಮತ್ತೆ ಸೋಕಿಸಿ ಒಗ್ಗಿಕೊಳ್ಳುವುದೂ ಉಂಟು. ಮೀನಿಗೆ ಆಸರೆ ಸಿಗುತ್ತದೆ. ಪ್ರತಿಯಾಗಿ ಅದು ಹೂವನ್ನು ಕಚ್ಚಿ ತಿನ್ನುವ ಚಿಟ್ಟೆ ಮೀನುಗಳನ್ನು ಓಡಿಸುತ್ತದೆ. ಅದರ ವಿಸರ್ಜನೆಯ ಅಮೋನಿಯ ಹೂವಿನೊಳಗಿನ ಸೂಕ್ಷ್ಮ ಪಾಚಿಗೆ ಗೊಬ್ಬರವಾಗುತ್ತದೆ. ಪ್ರಕೃತಿತಜ್ಞ ಕತ್ಬರ್ಟ್ ಕಾಲಿಂಗ್‌ವುಡ್ 1868ರಲ್ಲಿ ಚೀನಾ ಸಮುದ್ರದ ದೊಡ್ಡ ಕಡಲ ಹೂಗಳಲ್ಲಿ ಮೀನುಗಳಿರುವುದನ್ನು ವರದಿ ಮಾಡಿದ.

ಆಶ್ರಯ ಕೊಡುವ ಕಡಲ ಹೂಗಳೆಂದು ಸಾಂಪ್ರದಾಯಿಕವಾಗಿ 10 ಪ್ರಭೇದಗಳನ್ನು ಗುರುತಿಸಲಾಗಿದೆ. ಕ್ಲಾರ್ಕಿ ಕ್ಲೌನ್ ಎಂಬ ಮೀನಿನ ಪ್ರಭೇದ ಇವೆಲ್ಲವನ್ನೂ ಒಪ್ಪುತ್ತದೆ. ಮಾಲ್ಡೀವ್ಸ್ ಮತ್ತು ಲಕ್ಷದ್ವೀಪದ ಕಡೆಯ ನಿಗ್ರಿಪೆಸ್ ಎಂಬ ಪ್ರಭೇದ ಒಂದೇ ಬಗೆಯ ಹೂವಿಗೆ ಅಂಟಿಕೊಂಡಿರುತ್ತದೆ. ಮನ್ನಾರ್ ಕೊಲ್ಲಿಯಲ್ಲಿ ಸೆಬೇ ಕ್ಲೌನ್, ಅಂಡಮಾನ್‌ನಲ್ಲಿ ಒಸೆಲ್ಲಾರಿಸ್ ಎಂಬ ಪ್ರಭೇದಗಳು ಸಿಗುತ್ತವೆ.

ಸಂತಾನ

ಪ್ರತಿ ಮೀನೂ ಮೊದಲು ಗಂಡು. ಗುಂಪಿನ ಅತಿ ದೊಡ್ಡ ಮೀನು ಹೆಣ್ಣು, ಅದರ ನಂತರದ್ದು ಸಂಗಾತಿ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ, ಕಿರಿಯ ಮೀನೊಂದು ಗಂಡಿನ ಸ್ಥಾನಕ್ಕೆ ಬರುತ್ತದೆ. ಹೂವಿನ ಬುಡದ ಬಂಡೆಗೆ ಅಂಟಿಸಿದ ಮೊಟ್ಟೆಗಳನ್ನು ಹೆಚ್ಚಾಗಿ ಗಂಡು ಕಾಯುತ್ತದೆ. ಸುಮಾರು ಒಂದು ವಾರದಲ್ಲಿ, ಕತ್ತಲಾದ ಮೇಲೆ ಅವು ಒಡೆಯುತ್ತವೆ.

ಅಕ್ವೇರಿಯಂನಲ್ಲಿ

ಮನೆಯ ತೊಟ್ಟಿಯಲ್ಲಿ ಮೀನು ಸುಲಭ, ಹೂವು ಕಷ್ಟ. ಹ್ಯಾಚರಿಯಲ್ಲಿ ಬೆಳೆದ ಕ್ಲೌನ್ ಮೀನು ಕಡಲ ಹೂವಿಲ್ಲದೆಯೇ ಹಲವು ವರ್ಷ ಬದುಕುತ್ತದೆ. ಹೂವಿಗೆ ಪ್ರಖರ ಬೆಳಕು, ಸ್ಥಿರವಾದ ನೀರು ಮತ್ತು ಆರು ತಿಂಗಳಾದರೂ ಹಳೆಯದಾದ ತೊಟ್ಟಿ ಬೇಕು. ನೀರಿನ ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025ರ ಸುತ್ತ, ಪಿಎಚ್ 8.1ರಿಂದ 8.4 ಇರಬೇಕು, ಅಮೋನಿಯ, ನೈಟ್ರೈಟ್ ಇರಲೇಬಾರದು. ಹೂವು ಜಾಗ ಬದಲಿಸುತ್ತಾ ಪಂಪಿಗೆ ಸಿಕ್ಕಿ ಸತ್ತರೆ ಇಡೀ ತೊಟ್ಟಿಯ ನೀರು ಕೆಡಬಹುದು. ಆದ್ದರಿಂದ ಪಂಪಿನ ಬಾಯಿಗೆ ಸ್ಪಂಜು ಇಲ್ಲವೆ ಜಾಲರಿ ಕಟ್ಟುತ್ತಾರೆ. ಪ್ರಕೃತಿಯಲ್ಲಿ ಒಸೆಲ್ಲಾರಿಸ್‌ನ ಜೊತೆಗಾರನಲ್ಲದ ಬಬಲ್ ಟಿಪ್ ಎಂಬ ಕಡಲ ಹೂವನ್ನು ತೊಟ್ಟಿಯಲ್ಲಿ ಅದು ಅನೇಕ ವೇಳೆ ಒಪ್ಪಿಕೊಳ್ಳುತ್ತದೆ.

ಒಳನಾಡಿನಲ್ಲಿ

ಕರ್ನಾಟಕದ ಒಳನಾಡಿನ ಕೊಪ್ಪಳ ಜಿಲ್ಲೆ ಅರಬ್ಬಿ ಸಮುದ್ರದಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರವಿದೆ. ಅಲ್ಲಿ ಕಡಲ ನೀರು ತರುವುದಕ್ಕಿಂತ ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಕಡಲುಪ್ಪು ಕಲಸುವುದೇ ಅನುಕೂಲ. ಅಡುಗೆ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದ ಲವಣಗಳು ಕಡಲಿನಷ್ಟಿಲ್ಲದ ಕಾರಣ ಅದು ಒಗ್ಗುವುದಿಲ್ಲ. ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬೋರ್‌ವೆಲ್‌ನ ಗಡಸು ನೀರನ್ನು ನೇರವಾಗಿ ಬಳಸದೆ ರಿವರ್ಸ್ ಆಸ್ಮೋಸಿಸ್ (ಆರ್‌ಒ) ವಿಧಾನದಿಂದ ಶುದ್ಧೀಕರಿಸಿದ ನೀರಿಗೆ ಉಪ್ಪು ಬೆರೆಸುವುದೇ ಸರಿ. ಗಂಗಾವತಿಯ ತುಂಗಭದ್ರಾ ಕಾಲುವೆ ನೀರೂ ಸೋಸದೆ ಪ್ರಯೋಜನಕ್ಕೆ ಬಾರದು.

ಬೇಸಿಗೆಯ ಬಿಸಿಲು ದೊಡ್ಡ ಸವಾಲು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹೂವು ತನ್ನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಕಡಿಮೆಯಾದಷ್ಟಕ್ಕೆ ಉಪ್ಪಿಲ್ಲದ ಆರ್‌ಒ ನೀರನ್ನೇ ಹಾಕಬೇಕು. ಫ್ಯಾನ್ ಇಲ್ಲವೆ ಚಿಲ್ಲರ್, ವಿದ್ಯುತ್ ಹೋದಾಗ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಬೇಕೇ ಬೇಕು.

ಕಾನೂನು ಮತ್ತು ಸಂರಕ್ಷಣೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ಸೇರಿದವು. ಹಾಗಾಗಿ ಭಾರತದ ಕಡಲಿನಿಂದ ಹವಳ ಕಿತ್ತು ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಕರ್ನಾಟಕದ ನೇತ್ರಾಣಿ ದ್ವೀಪದ ಹವಳಗಳಿಗೂ ಇದು ಅನ್ವಯಿಸುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವಿಳಿಞ್ಞಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಉತ್ಪಾದನೆಯ ವಿಧಾನ ರೂಪಿಸಿದೆ. ಹ್ಯಾಚರಿಯ ಮರಿಗಳು ಹವಳದ ದಿಬ್ಬಗಳ ಮೇಲಿನ ಒತ್ತಡವನ್ನು ಕಡಿಮೆ ಮಾಡುವುದಲ್ಲದೆ ಒಣ ಆಹಾರಕ್ಕೂ ತೊಟ್ಟಿಗೂ ಬೇಗ ಒಗ್ಗುತ್ತವೆ.