ಸಂಚಾರಿ ಕಮಾಂಡ್ ವಾಹನ: ಹುಣಸೂರು ಉಪವಿಭಾಗಕ್ಕೆ ಎಂಥದ್ದು ಸೂಕ್ತ?

ಪ್ರವಾಹ, ಕಾಳ್ಗಿಚ್ಚು, ಭಾರಿ ಅಪಘಾತಗಳ ಸಂದರ್ಭದಲ್ಲಿ ಪೊಲೀಸ್, ಅಗ್ನಿಶಾಮಕ, ಕಂದಾಯ, ಅರಣ್ಯ ಮತ್ತು ಆರೋಗ್ಯ ಇಲಾಖೆಗಳ ಅಧಿಕಾರಿಗಳು ಸ್ಥಳದಲ್ಲೇ ಒಟ್ಟಿಗೆ ಕುಳಿತು ಕಾರ್ಯಾಚರಣೆ ನಡೆಸಲು ಸಜ್ಜುಗೊಳಿಸಿದ ವಾಹನವೇ ಸಂಚಾರಿ ಕಮಾಂಡ್ ವಾಹನ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಜಿಲ್ಲೆ, ಉಪವಿಭಾಗ ಮತ್ತು ತಾಲ್ಲೂಕು ಮಟ್ಟದಲ್ಲಿ ಸ್ಪಂದನಾ ತಂಡಗಳಿರಬೇಕು, ಘಟನಾ ಸ್ಥಳದಲ್ಲಿ ಒಂದೇ ಕಮಾಂಡ್ ಕೇಂದ್ರ ಇರಬೇಕು ಎನ್ನುತ್ತದೆ. ಆ ಕೇಂದ್ರದ ಚಲಿಸುವ ರೂಪವೇ ಈ ವಾಹನ.

ಇಲ್ಲಿನ ಅಗತ್ಯ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ಭಾಗದಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳಿವೆ. ಒಂದು ಅಂಚಿಗೆ ನಾಗರಹೊಳೆ ಅರಣ್ಯವಿದೆ. ಬೀಚನಹಳ್ಳಿಯ ಕಬಿನಿ ಜಲಾಶಯಕ್ಕೆ ಕೇರಳದ ವಯನಾಡಿನ ಮಳೆಯೇ ಆಧಾರ. ಹೀಗಾಗಿ ಇಲ್ಲಿ ಮಳೆ ಬಿಡುವು ಕೊಟ್ಟಿದ್ದರೂ ನದಿ ಉಕ್ಕಬಹುದು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಅಧಿಕ ನೀರು ಹೊರಬಿಟ್ಟಾಗ ಕೆಳಭಾಗದ ನಂಜನಗೂಡಿನ ಬಳಿ ಹೆದ್ದಾರಿಯೇ ಜಲಾವೃತವಾಗಿತ್ತು. ಇಂಥ ಹೊತ್ತಿನಲ್ಲಿ ವಿದ್ಯುತ್ ಕಡಿತಗೊಂಡು, ಬ್ಯಾಟರಿ ಬರಿದಾದರೆ ಮೊಬೈಲ್ ಗೋಪುರಗಳೂ ಸ್ತಬ್ಧವಾಗುತ್ತವೆ. ಕಾಡಂಚಿನ ಹಾಡಿಗಳಲ್ಲಿ ಸಂಪರ್ಕ ಮೊದಲೇ ದುರ್ಬಲ.

ವಾಹನದ ಆಯ್ಕೆ

ನಗರಗಳಲ್ಲಿ ದೊಡ್ಡ ಬಸ್ಸನ್ನೇ ಕಮಾಂಡ್ ಕೇಂದ್ರವಾಗಿ ಮಾರ್ಪಡಿಸುವುದುಂಟು. ಆದರೆ ಕಿರಿದಾದ ಸೇತುವೆ, ಕೆಸರು ತುಂಬಿದ ಹಳ್ಳಿ ರಸ್ತೆಗಳಿಗೆ ಅದು ಒಗ್ಗದು. ನೆಲದಿಂದ ಎತ್ತರವಿರುವ, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಸಿಗುವ ಮಧ್ಯಮ ಗಾತ್ರದ ವಾಹನವೇ ಸೂಕ್ತ. ಉಪಕರಣಗಳ ತೂಕ ಒಂದೇ ಬದಿಗೆ ವಾಲದಂತೆ ಹಂಚಬೇಕು.

ಒಳಗೆ ಏನಿರಬೇಕು?

* ವೈರ್‌ಲೆಸ್: ಪೊಲೀಸ್, ಅಗ್ನಿಶಾಮಕ, ಅರಣ್ಯ ಇಲಾಖೆಗಳ ತರಂಗಾಂತರಗಳು ಬೇರೆ ಬೇರೆಯಾದಾಗ ಒಬ್ಬರ ಮಾತು ಮತ್ತೊಬ್ಬರಿಗೆ ಕೇಳಿಸದು. ಪ್ರತಿ ಇಲಾಖೆಯ ಸೆಟ್ ಮತ್ತು ಅವುಗಳನ್ನು ಪರಸ್ಪರ ಬೆಸೆಯುವ ಉಪಕರಣ ಅತ್ಯವಶ್ಯ.
* ಉಪಗ್ರಹ ಸಂಪರ್ಕ: ಗೋಪುರಗಳು ಕೈಕೊಟ್ಟಾಗ ಮೈಸೂರು, ಬೆಂಗಳೂರಿನೊಂದಿಗೆ ಉಳಿಯುವ ಕೊಂಡಿ.
* ಆಂಟೆನಾ ಕಂಬ: ಮೇಲೇರಿಸಿದಷ್ಟೂ ಸಂಪರ್ಕದ ವ್ಯಾಪ್ತಿ ಹೆಚ್ಚು. ಆದರೆ ವಿದ್ಯುತ್ ತಂತಿಗಳ ಕೆಳಗೆ ಎಂದಿಗೂ ಏರಿಸಕೂಡದು.
* ವಿದ್ಯುತ್: ಜನರೇಟರ್ ಜತೆಗೆ ಪ್ರತ್ಯೇಕ ಬ್ಯಾಟರಿ. ವಾಹನದ ಎಂಜಿನ್ ಬ್ಯಾಟರಿಯನ್ನು ಇದಕ್ಕೆ ಬಳಸಿದರೆ ವಾಹನವೇ ಹೊರಡದಂತಾದೀತು.
* ಎರಡು ಕೋಣೆ: ವೈರ್‌ಲೆಸ್ ಸಿಬ್ಬಂದಿಗೆ ಒಂದು, ಅಧಿಕಾರಿಗಳ ಚರ್ಚೆಗೆ ಮತ್ತೊಂದು. ಗದ್ದಲದಲ್ಲಿ ಸಂದೇಶ ತಪ್ಪಿಹೋಗುವುದು ಇದರಿಂದ ತಪ್ಪುತ್ತದೆ.
* ಕಾಗದದ ನಕ್ಷೆ: ತಗ್ಗು ಪ್ರದೇಶದ ಊರು, ಸೇತುವೆ, ಆಸ್ಪತ್ರೆ, ಪರಿಹಾರ ಕೇಂದ್ರಗಳನ್ನು ಗುರುತಿಸಿರಬೇಕು. ಕಂಪ್ಯೂಟರ್ ಕೆಟ್ಟರೂ ನಕ್ಷೆ ಉಳಿಯುತ್ತದೆ.

ಬಳಕೆ

ವಾಹನವನ್ನು ನೀರಿನ ಅಂಚಿನಲ್ಲಿ ನಿಲ್ಲಿಸಬಾರದು. ವಾಪಸಾಗಲು ಇನ್ನೊಂದು ದಾರಿಯಿರುವ ಎತ್ತರದ ಜಾಗ ಬೇಕು. ಸಿಬ್ಬಂದಿ ಪಾಳಿಯಲ್ಲಿ ದುಡಿಯಬೇಕು. ಬಹುಮುಖ್ಯವಾಗಿ, ಮುಂಗಾರಿಗೆ ಮುನ್ನವೇ ಎಲ್ಲ ಇಲಾಖೆಗಳೂ ಸೇರಿ ಅಣಕು ಕಾರ್ಯಾಚರಣೆ ನಡೆಸಬೇಕು. ಯಾರ ಆದೇಶ ಅಂತಿಮ ಎಂಬುದು ಅಂದೇ ಇತ್ಯರ್ಥವಾಗದಿದ್ದರೆ, ಎಷ್ಟೇ ದುಬಾರಿ ಉಪಕರಣವಿದ್ದರೂ ಅದು ಬರಿಯ ವಾಹನವಷ್ಟೇ.