ಮುಂದಿನ ವರ್ಷವೂ ತೆರೆಯಬೇಕಾದ ಫೈಲು

ಹಾಲ್ಕುರಿಕೆಯ ಕಡೆ ಒಂದು ಉಂಡೆ ಕೊಬ್ಬರಿ ಆಗಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ. ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಏರಿಸಿದರೆ 8ರಿಂದ 12 ತಿಂಗಳು ಅಲ್ಲೇ ಇರುತ್ತದೆ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ, ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ಇದು ಮನೆಯೊಳಗಿನ ವಿಜ್ಞಾನ. ಎಂಟನೇ ತರಗತಿಯವರು ಇದನ್ನು ಮೊಬೈಲಿನಲ್ಲಿ ಹಿಡಿದು ಐದು ನಿಮಿಷದ ಪಾಠ ಮಾಡಬೇಕೆಂದುಕೊಳ್ಳಿ. ಕಾಯಿ ಅಟ್ಟಕ್ಕೇರುವ ದೃಶ್ಯ ಈ ವರ್ಷ ಸಿಗುತ್ತದೆ, ಒಡೆಯುವ ದೃಶ್ಯ ಸಿಗುವುದು ಮುಂದಿನ ವರ್ಷ. ಅಷ್ಟು ಹೊತ್ತಿಗೆ ವಿಡಿಯೊ ಸಂಕಲನದ ತಂತ್ರಾಂಶ ಉಳಿದಿರುತ್ತದೆಯೆ, ಅರ್ಧ ಮಾಡಿಟ್ಟ ಫೈಲು ತೆರೆಯುತ್ತದೆಯೆ? ಶಾಲೆಗೆ ತಂತ್ರಾಂಶ ಆರಿಸುವಾಗ ಮೊದಲು ಕೇಳಬೇಕಾದದ್ದು ಇದನ್ನೇ ಎಂಬುದು ನನ್ನ ಗಟ್ಟಿ ನಂಬಿಕೆ. ಈ ಕ್ಷೇತ್ರ ಬೆಳೆದುಬಂದ ಬಗೆಯೂ ಅದನ್ನೇ ಹೇಳುತ್ತದೆ.

ಬಹುಕಾಲ ಶಾಲೆ ಬರೀ ನೋಡುವ ಜಾಗವಾಗಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟೀವಿ ಪಾಠ ಬಂತು. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಬಂತು. ಎರಡೂ ದೊಡ್ಡ ಕೆಲಸಗಳೇ. ಆದರೆ ಪಾಠ ಕತ್ತರಿಸಿ ಜೋಡಿಸುವ ಮೇಜು ಎಲ್ಲೋ ದೂರದ ಸ್ಟುಡಿಯೊದಲ್ಲಿತ್ತು. ಈ ನಡುವೆ 2001ರಲ್ಲಿ ಮಾಹಿತಿ ಸಿಂಧು ಯೋಜನೆಯಿಂದ ರಾಜ್ಯದ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬಂದಿತ್ತು. ಮೇಜು ಹಳ್ಳಿಗೆ ಬರುವ ದಾರಿ ತೆರೆದದ್ದು ಆಗ.

ಮೇಷ್ಟ್ರುಗಳು ಆ ಕಂಪ್ಯೂಟರ್‌ಗಳಲ್ಲಿ ಮೊದಲು ಕೈಯಾಡಿಸಿದ್ದು ಸಾಮಾನ್ಯವಾಗಿ ವಿಂಡೋಸ್ ಮೂವಿ ಮೇಕರ್ ಮೇಲೆ. 2000ದಲ್ಲಿ ಬಂದದ್ದು, ಎಕ್ಸ್‌ಪಿಯ ಜೊತೆಗೇ ಸಿಗುತ್ತಿತ್ತು, ಬೇರೆ ಕಾಸು ಬೇಡ. ಕಲಿಯಲೂ ಬಲು ಸುಲಭ. ಅದರ ಋಣ ದೊಡ್ಡದು. ಆದರೆ 2017ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಕೊಡುವುದನ್ನೇ ನಿಲ್ಲಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಕೂಡ ತನ್ನ ಸಂಕಲನ ಸೌಲಭ್ಯವನ್ನು ಮುಚ್ಚಿತು. 2020ರಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದು ಶಿಕ್ಷಕರು ಮೊಬೈಲಿನಲ್ಲೇ ಪಾಠ ಮಾಡುತ್ತಿದ್ದಾಗ, ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಸಂಕಲನದ ವಿವಾವಿಡಿಯೊ ಕೂಡ ಇತ್ತು. ಕೈನ್‌ಮಾಸ್ಟರ್ ಉಳಿದಿತ್ತು, ದುಡ್ಡು ಕೊಡದಿದ್ದರೆ ಪಾಠದ ಮೂಲೆಯಲ್ಲಿ ಅದರ ಹೆಸರಿನ ಮುದ್ರೆ. 2021ರಲ್ಲಿ ಮೈಕ್ರೋಸಾಫ್ಟ್ ಕ್ಲಿಪ್‌ಚಾಂಪ್ ಅನ್ನು ಕೊಂಡು ಆಮೇಲೆ ವಿಂಡೋಸ್ 11ರ ಜೊತೆ ಸೇರಿಸಿತು, ಅದಕ್ಕೆ ಖಾತೆ ಬೇಕು. ಇವೆಲ್ಲ ಪುಕ್ಕಟೆ ಸಿಕ್ಕವು, ನಿಜ. ಆದರೆ ಬಾಗಿಲಿನ ಕೀಲಿ ಯಾವತ್ತೂ ಇನ್ನೊಬ್ಬರ ಕೈಯಲ್ಲಿತ್ತು.

ಇದೇ ಹೊತ್ತಿಗೆ ಸದ್ದಿಲ್ಲದೆ ಇನ್ನೊಂದು ಧಾರೆ ಹರಿಯುತ್ತಿತ್ತು: ಮೂಲ ಸಂಕೇತವೇ ಎಲ್ಲರಿಗೂ ತೆರೆದಿರುವ ತಂತ್ರಾಂಶಗಳದು. 2002ರಲ್ಲಿ ಜೇಸನ್ ವುಡ್ ಕೇಡನ್‌ಲೈವ್ ಶುರು ಮಾಡಿದರು. 2008ರಲ್ಲಿ ಜೋನಾಥನ್ ಥಾಮಸ್ ಓಪನ್‌ಶಾಟ್‌ಗೆ ಕೈ ಹಾಕಿದರು. 2011ರಲ್ಲಿ ಡ್ಯಾನ್ ಡೆನೆಡಿ ಶಾಟ್‌ಕಟ್ ಅನ್ನು ಹೊಸದಾಗಿ ಕಟ್ಟಿದರು. ಕೇಡನ್‌ಲೈವ್, ಶಾಟ್‌ಕಟ್ ಎರಡಕ್ಕೂ ಅಡಿಪಾಯ ಎಂಎಲ್‌ಟಿ ಎಂಬ ಒಂದೇ ಚೌಕಟ್ಟು. ಓಪನ್‌ಶಾಟ್ ಕೂಡ ಮೊದಲಿಗೆ ಅದರ ಮೇಲೆಯೇ ನಿಂತಿತ್ತು. ಈ ಎಂಎಲ್‌ಟಿಯ ಹಳೆಯ ಕಡತಗಳನ್ನು ತೆರೆದರೆ ಕೃತಿಸ್ವಾಮ್ಯದ ಸಾಲಿನಲ್ಲಿ ಉಷೋದಯ ಎಂಟರ್‌ಪ್ರೈಸಸ್ ಎಂಬ ಹೆಸರಿದೆ. ನಮ್ಮ ಮನೆಗಳಿಗೆ 2000ದ ಕೊನೆಯಲ್ಲಿ ಬಂದ ಈಟಿವಿ ಕನ್ನಡದ ಹಿಂದೆ ಇದ್ದ ಹೈದರಾಬಾದಿನ ಬಳಗವೇ ಅದು. ಟೀವಿ ಪ್ರಸಾರದ ಕೆಲಸಕ್ಕೆಂದು 2003-04ರ ಸುಮಾರಿಗೆ ಬರೆಸಿದ್ದನ್ನು ಅವರು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅದರ ಮೇಲೆ ಜಗತ್ತಿನ ಎಲ್ಲೆಲ್ಲಿಯವರೋ ಕಟ್ಟಿದರು. ಬರೆಸಿದವರ ಚಾನೆಲ್ ಮಾಲೀಕತ್ವ ಬದಲಾಯಿತು, ಹೆಸರೂ ಬದಲಾಯಿತು; ಚೌಕಟ್ಟು ಮಾತ್ರ ಇವತ್ತಿಗೂ ಓಡುತ್ತಿದೆ. ಇದನ್ನು ತಿಳಿದ ದಿನ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಇನ್ನೊಂದು ಸಣ್ಣ ಸಂಗತಿ ಶಾಲೆಗೆ ಬಹಳ ಮುಖ್ಯ. ಕೇಡನ್‌ಲೈವ್, ಶಾಟ್‌ಕಟ್‌ಗಳ ಪ್ರಾಜೆಕ್ಟ್ ಫೈಲು ಓದಬಲ್ಲ ಪಠ್ಯ. ಯಾವ ತುಣುಕು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದು ಅದರಲ್ಲಿ ಬರೆದೇ ಇರುತ್ತದೆ. ನಾಳೆ ತಂತ್ರಾಂಶವೇ ಇಲ್ಲವಾದರೂ ಸಂಕಲನದ ಲೆಕ್ಕ ಕಳೆದುಹೋಗುವುದಿಲ್ಲ.

ಕರ್ನಾಟಕದಲ್ಲಿ ಈ ಧಾರೆ ಶಾಲೆಯೊಳಕ್ಕೆ ಹರಿದದ್ದು 2011ರ ನಂತರ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಸೇರಿ ಪ್ರೌಢಶಾಲಾ ವಿಷಯ ಶಿಕ್ಷಕರಿಗೆ ಉಬುಂಟು ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕಲಿಸಿದವು. 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಅಂದರೆ ಕೋಯರ್, ಆರಂಭವಾಯಿತು. ಶಿಕ್ಷಕರು ತಾವೇ ಪಾಠ ಸಾಮಗ್ರಿ ಮಾಡಿ ಎಲ್ಲರಿಗೂ ಬಿಡಬೇಕೆಂಬುದು ಅದರ ಆಶಯ. ಪಕ್ಕದ ಕೇರಳ ಒಂದು ಹೆಜ್ಜೆ ಮುಂದೆ ಹೋಯಿತು. 2018ರ ಲಿಟಲ್ ಕೈಟ್ಸ್ ಯೋಜನೆಯಲ್ಲಿ ಮಕ್ಕಳ ಕೈಗೇ ಕ್ಯಾಮೆರಾ, ಸಂಕಲನ ಎರಡನ್ನೂ ಕೊಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿರುವುದೂ ಅದೇ ವ್ಯವಸ್ಥೆಯಲ್ಲಿ. ಶಿಕ್ಷಕರಿಗೆ ಕೊಟ್ಟ ತರಬೇತಿ ಅವರ ವರ್ಗಾವಣೆಯ ಜೊತೆ ಊರು ಬಿಡುತ್ತದೆ. ಮಕ್ಕಳು ಕಲಿತದ್ದು ಅಣ್ಣನಿಂದ ತಂಗಿಗೆ ದಾಟುತ್ತದೆ. ನಮ್ಮಲ್ಲೂ ಹಾಗಾಗಲಿ ಎಂಬುದು ನನ್ನ ಹಂಬಲ.

ಹಾಗಾದರೆ ಯಾವುದನ್ನು ಆರಿಸುವುದು? ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಿನಿಮಾದವರ ಮಟ್ಟದ್ದು, ಶಾಲೆಯ ಯಂತ್ರ ಅದರ ಭಾರ ಹೊರಲಾರದು. ಮೊದಲ ಸಲ ಕಲಿಯುವವರಿಗೆ ಓಪನ್‌ಶಾಟ್ ಸಲೀಸು. ಕೆಲಸ ಉದ್ದವಾದಂತೆ ತಡವರಿಸುತ್ತದೆ. ಶಾಟ್‌ಕಟ್ ತಯಾರಿಸಿದವರೇ ಎಚ್‌ಡಿ ವಿಡಿಯೊಗೆ 8 ಜಿಬಿ ರ್‍ಯಾಮ್ ಬೇಕೆನ್ನುತ್ತಾರೆ, ನಮ್ಮ ಲ್ಯಾಬುಗಳಲ್ಲಿ ಅದು ಎಲ್ಲ ಕಡೆ ಇರುವುದಿಲ್ಲ. ಅಂಥಲ್ಲಿ ‘ಪ್ರಾಕ್ಸಿ’ ಕಾಪಾಡುತ್ತದೆ. ದೊಡ್ಡ ವಿಡಿಯೊದ ಹಗುರ ಪ್ರತಿಯೊಂದನ್ನು ಮಾಡಿಕೊಂಡು ಅದರ ಮೇಲೆ ಕತ್ತರಿಸಿ ಜೋಡಿಸುವುದು, ಕೊನೆಗೆ ಮೂಲದಿಂದಲೇ ಪಾಠ ಹೊರತೆಗೆಯುವುದು. ಕೇಡನ್‌ಲೈವ್‌ನಲ್ಲಿ ಈ ಅನುಕೂಲ ಬಹಳ ಹಿಂದಿನಿಂದ ಇದೆ, ಶಾಟ್‌ಕಟ್‌ಗೆ ಬಂದದ್ದು 2020ರಲ್ಲಿ. ನನ್ನ ಆಯ್ಕೆ ಕೇಡನ್‌ಲೈವ್. ಮೊದಲ ವಾರ ಕಷ್ಟವಾಗುತ್ತದೆ, ಆಮೇಲೆ ಕೈ ಬಿಡುವುದಿಲ್ಲ.

ಯಾವುದನ್ನೇ ಆರಿಸಿದರೂ ಕನ್ನಡದ ಪರೀಕ್ಷೆ ಮಾಡಿ. ‘ತಿಪಟೂರು’, ‘ತುರುವೇಕೆರೆ’ ಬರೆದು ನೋಡಿದರೆ ಸಾಲದು, ಅವುಗಳಲ್ಲಿ ಒತ್ತಕ್ಷರವಿಲ್ಲ. ‘ಹಾಲ್ಕುರಿಕೆ’, ‘ಚಿಕ್ಕನಾಯಕನಹಳ್ಳಿ’ ಬರೆಯಿರಿ. ಲ ಅಕ್ಷರದ ಕೆಳಗೆ ಕ ಒತ್ತು ಕೂರದೆ ಬಿಡಿಬಿಡಿಯಾಗಿ ನಿಂತರೆ ಆ ತಂತ್ರಾಂಶ ನಮ್ಮ ತರಗತಿಗೆ ಒದಗದು. ಶೀರ್ಷಿಕೆಗೆ ಯುನಿಕೋಡ್ ಫಾಂಟನ್ನೇ ಬಳಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಉಬುಂಟುವಿನಲ್ಲಿ ‘ಗುಬ್ಬಿ’ ಎಂಬ ಮುಕ್ತ ಕನ್ನಡ ಫಾಂಟ್ ಸಿಗುತ್ತದೆ, ನಮ್ಮ ನೆರೆಯ ತಾಲ್ಲೂಕಿನ ಹೆಸರಿನದೇ.

ಕಡೆಗೆ, ಜೂನ್‌ನಲ್ಲಿ ಕಾಯಿ ಅಟ್ಟಕ್ಕೇರಿಸಿದ ತುಣುಕುಗಳನ್ನು ಅಲ್ಲಿ ಇಲ್ಲಿ ಬಿಡಬೇಡಿ. ಕೇಡನ್‌ಲೈವ್‌ನಲ್ಲಿ ಪ್ರಾಜೆಕ್ಟನ್ನು ಆರ್ಕೈವ್ ಮಾಡುವ ಸೌಲಭ್ಯವಿದೆ. ಚಿತ್ರ, ಧ್ವನಿ, ಫೈಲು ಎಲ್ಲ ಒಂದೇ ಫೋಲ್ಡರಿಗೆ ಬರುತ್ತವೆ. ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಶಾಲೆಯ ಬೀರುವಿನಲ್ಲಿಡಿ, ಇನ್ನೊಂದನ್ನು ಮೇಷ್ಟ್ರ ಮನೆಯಲ್ಲಿ. ಮುಂದಿನ ವರ್ಷ ಅದೇ ಮಕ್ಕಳು ಒಂಬತ್ತಕ್ಕೆ ಬಂದಾಗ ಸೇರಿಸಬೇಕಾದ ಮೊದಲ ತುಣುಕು ಚಿತ್ರವಲ್ಲ, ಸದ್ದು: ಕಾಯಿಯ ಪಕ್ಕದಲ್ಲೇ ಮೊಬೈಲು ಹಿಡಿದು, ಫ್ಯಾನು ಆರಿಸಿ, ಅಲ್ಲಾಡಿಸಿ ಮುದ್ರಿಸಿಕೊಂಡ ಆ ಗಡಗಡ.